ಮುಂಬಯಿಯ ಬೀದಿ, ಫೋಟೋ ಹಿಡಿಯುವ ಕೈ

(ಕಳೆದ ಭಾನುವಾರ ಸಂಜೆ ಕಾರ್ಮಿಕರ ವಾಚನಾಲಯದಲ್ಲಿ ನಡೆದ ಭಾಷಣದ ಪಾಠ)



ನಮ್ಮ ಯುವಕರು ಈ ಗೋಡೆಯ ಮೇಲೆ ಅಂಟಿಸಿರುವ ಮುಂಬಯಿಯ ಚಿತ್ರಗಳನ್ನು ನೀವೆಲ್ಲ ನೋಡಿದ್ದೀರಿ. ಕೆಲವನ್ನು ಪತ್ರಿಕೆಗಳಿಂದ ಕತ್ತರಿಸಿದ್ದಾರೆ. ಕೆಲವು ಅಲ್ಲಿಗೆ ದುಡಿಯಲು ಹೋದ ನಮ್ಮ ಹುಡುಗರು ತಮ್ಮ ಫೋನಿನಲ್ಲಿ ತೆಗೆದು ಕಳಿಸಿದವು. ಇವುಗಳ ಬಗ್ಗೆ ನಾಲ್ಕು ಮಾತು ಆಡಿ ಎಂದು ನನಗೆ ಹೇಳಿದರು. ನಾನು ಫೋಟೋಗ್ರಾಫರನಲ್ಲ. ಹಿಂದೆ ಮಕ್ಕಳಿಗೆ ಪಾಠ ಹೇಳುತ್ತಿದ್ದವನು. ಮೇಷ್ಟ್ರಿಗೆ ಒಂದು ಚಾಳಿ ಇರುತ್ತದೆ: ಯಾವ ಚಿತ್ರ ತೋರಿಸಿದರೂ ‘ಇದರಲ್ಲಿ ಯಾರಿದ್ದಾರೆ, ಯಾರಿಲ್ಲ?’ ಎಂದು ಕೇಳುವುದು. ಅದೇ ಪ್ರಶ್ನೆಯನ್ನು ಈಗ ಮುಂಬಯಿಗೆ ಕೇಳೋಣ.

ಮೊದಲು ಒಂದು ಇಸವಿ ನೆನಪಿಡಿ: 1854. ಆ ವರ್ಷ ಕಾವಸ್‌ಜಿ ನಾನಾಭಾಯ್ ದಾವರ್ ಎಂಬ ಪಾರಸಿ ವ್ಯಾಪಾರಿ ಮುಂಬಯಿಯ ಮೊದಲ ಹತ್ತಿ ಗಿರಣಿಯ ಕಂಪನಿ ಕಟ್ಟಿದ. ಎರಡು ವರ್ಷದಲ್ಲಿ ತಾರದೇವಿನಲ್ಲಿ ಅದರ ಯಂತ್ರ ಓಡತೊಡಗಿತು. ಅದೇ 1854ರಲ್ಲಿ ಮುಂಬಯಿಯಲ್ಲಿ ಛಾಯಾಚಿತ್ರಕಾರರ ಸಂಘವೂ ಹುಟ್ಟಿತು. ಗಿರಣಿಯೂ ಕ್ಯಾಮರಾವೂ ಆ ಊರಿಗೆ ಒಂದೇ ವಯಸ್ಸಿನ ಮಕ್ಕಳು. ಆದರೆ ಅಕ್ಕಪಕ್ಕದಲ್ಲೇ ಬೆಳೆದ ಈ ಎರಡೂ ಬಹಳ ಕಾಲ ಒಂದರ ಮುಖ ಒಂದು ನೋಡಲಿಲ್ಲ.

ಆ ಸಂಘದಲ್ಲಿ ವಿಲಿಯಂ ಜಾನ್ಸನ್ ಎಂಬ ಇಂಗ್ಲಿಷಿನವನಿದ್ದ. ಮುಂಬಯಿಯ ನಾನಾ ಜಾತಿ ಜನಾಂಗಗಳ ಚಿತ್ರಗಳನ್ನು ಸೇರಿಸಿ 1863ರಲ್ಲೂ 1866ರಲ್ಲೂ ಎರಡು ಸಂಪುಟ ಹೊರತಂದ. ಅವನು ಮಾಡುತ್ತಿದ್ದ ಕೆಲಸ ಕೇಳಿ. ಜನರನ್ನು ಸ್ಟುಡಿಯೋದಲ್ಲಿ ನಿಲ್ಲಿಸಿ ಫೋಟೋ ತೆಗೆಯುವುದು, ಊರಿನ ಬೀದಿ ಕಟ್ಟಡಗಳ ಫೋಟೋ ಬೇರೆ ತೆಗೆಯುವುದು, ಆಮೇಲೆ ಇದರ ಮೇಲೆ ಅದನ್ನು ಕೂಡಿಸುವುದು! ಆ ಕಾಲದ ಕ್ಯಾಮರಾಕ್ಕೆ ಜನ ಬಹಳ ಹೊತ್ತು ಅಲುಗಾಡದೆ ನಿಲ್ಲಬೇಕಿತ್ತು ಎಂಬುದು ನಿಜ. ಆದರೂ ಬೀದಿಯ ಮನುಷ್ಯನನ್ನು ಬೀದಿಯಿಂದ ಎತ್ತಿ, ಪದವಿಗೆ ತಕ್ಕ ಉಡುಪು ಹಾಕಿಸಿ, ಕೊನೆಗೆ ಅದೇ ಬೀದಿಗೆ ತಂದು ಅಂಟಿಸಿದ ಹಾಗಾಯಿತು. ಅವನ ಹೆಸರಿಲ್ಲ, ಅವನ ಕೂಲಿ ಎಷ್ಟು ಎಂದಿಲ್ಲ. ಜಾತಿಯ ಹೆಸರು ಮಾತ್ರ ಇದೆ. ಇಂದಿಗೂ ಪ್ರವಾಸಿಗಳ ಎಷ್ಟೋ ಚಿತ್ರಗಳು ಈ ಜಾನ್ಸನ್ ಸಾಹೇಬನ ಮೊಮ್ಮಕ್ಕಳೇ ಎಂದು ನನಗೆ ತೋರುತ್ತದೆ.

1896ರಲ್ಲಿ ಮುಂಬಯಿಗೆ ಪ್ಲೇಗ್ ಬಂತು. ಆಗ ಕ್ಯಾಮರಾ ಮೊದಲ ಬಾರಿಗೆ ಬಡವರ ಓಣಿಗೆ ಕಾಲಿಟ್ಟಿತೆನ್ನಬಹುದು. ಆದರೆ ಬಂದದ್ದು ಸರಕಾರದ ಸಂಗಡ. ಮನೆಗಳಿಗೆ ಸುಣ್ಣ ಬಳಿಯುವುದು, ಔಷಧಿ ಸಿಂಪಡಿಸುವುದು, ಜನರನ್ನು ಸಾಲಾಗಿ ನಿಲ್ಲಿಸಿ ತಪಾಸಣೆ ಮಾಡುವುದು, ಇವೆಲ್ಲ ಆ ಚಿತ್ರಗಳಲ್ಲಿವೆ. ಎರಡು ವರ್ಷದಲ್ಲಿ, 1898ರಲ್ಲಿ, ನಗರ ಸುಧಾರಣೆಯ ಟ್ರಸ್ಟು ಬಂದು ಓಣಿಗಳನ್ನು ಕೆಡವತೊಡಗಿತು. ಕೆಡವುವವನು ಮೊದಲು ಫೋಟೋ ತೆಗೆಯುತ್ತಾನೆ. ಈ ಮಾತನ್ನು ನಮ್ಮ ಅಂಗಡಿಕಾರ ಮಿತ್ರರು ಗಮನಿಸಬೇಕು. ಮುಂದೆ ಅವರ ವಿಷಯಕ್ಕೂ ಬರುತ್ತೇನೆ.

ಇನ್ನು ಗಿರಣಿಯವರ ಬದುಕು. ಲಾಲಬಾಗ್, ಪರೇಲ್, ವರಳಿ, ಶಿವಡಿ, ಈ ಕೇರಿಗಳಿಗೆಲ್ಲ ಸೇರಿ ಗಿರಣಗಾಂವ್, ಅಂದರೆ ಗಿರಣಿಗಳ ಊರು, ಎಂದು ಹೆಸರು. ಭೋಂಗಾ ಕೂಗಿದರೆ ಊರಿಗೆ ಊರೇ ಏಳುತ್ತಿತ್ತು. 1920ರ ದಶಕದಲ್ಲಿ ಸರಕಾರ ಕಟ್ಟಿಸಿದ ಬಿಡಿಡಿ ಚಾಳುಗಳಲ್ಲಿ ಒಂದು ಕೋಣೆ 160 ಚದರ ಅಡಿ. ಕೊಂಕಣದಿಂದ, ಘಟ್ಟದ ಮೇಲಿನಿಂದ ಬಂದ ಒಂದೇ ಊರಿನ ಹದಿನೈದು ಇಪ್ಪತ್ತು ಗಂಡಸರು ಕೂಡಿ ಇಂಥ ಒಂದು ಕೋಣೆ ಹಿಡಿಯುತ್ತಿದ್ದರು. ಹಗಲು ಪಾಳಿಯವನು ಎದ್ದು ಹೋದ ಜಾಗದಲ್ಲಿ ರಾತ್ರಿ ಪಾಳಿಯವನು ಬಂದು ಮಲಗಬೇಕು. ನಿಮಗೆ ಇದನ್ನು ವಿವರಿಸಬೇಕಾಗಿಲ್ಲ. ಆದರೆ ಈ ಕೋಣೆಯ ಒಳಗಿನ ಹಳೆಯ ಫೋಟೋ ಹುಡುಕಿ ನೋಡಿ, ಸಿಗುವುದು ಬಹಳ ಕಡಿಮೆ. ಗಿರಣಿಯ ಚಿಮಣಿಯ ಫೋಟೋ ಬೇಕಾದಷ್ಟಿದೆ!

ಆ ಗಂಡಸರಿಗೆ ಅನ್ನ ಹಾಕಿದವರು ಯಾರು? ಖಾನಾವಳಿಯ ಹೆಂಗಸರು. ಒಂದು ಒಲೆಯ ಮುಂದೆ ಕುಳಿತು ದಿನಕ್ಕೆರಡು ಹೊತ್ತು ಹತ್ತಾರು ಜನಕ್ಕೆ ರೊಟ್ಟಿ ಬಡಿದವರು. ಕಿರಾಣಿ ಅಂಗಡಿಯವನ ಸಾಲ, ಬಡ್ಡಿಯವನ ಕಾಟ. ಗಿರಣಿಯಲ್ಲಿ ಹರತಾಳವಾದರೆ ಊಟದ ದುಡ್ಡು ಬಾರದು, ಆದರೂ ಬಡಿಸಬೇಕು. 1975ರಲ್ಲಿ ಪ್ರೇಮಾ ಪುರವ್ ಎಂಬ ತಾಯಿ ಇವರನ್ನೆಲ್ಲ ಕೂಡಿಸಿ ಅನ್ನಪೂರ್ಣಾ ಮಹಿಳಾ ಮಂಡಳ ಕಟ್ಟಿದರು, ಬ್ಯಾಂಕಿನ ಸಾಲ ಕೊಡಿಸಿದರು. ಮುಂಬಯಿಯ ದಿನನಿತ್ಯದ ಜೀವನ ಎಂದರೆ ನನ್ನ ಮಟ್ಟಿಗೆ ಮೊದಲು ಆ ಒಲೆ. ಪತ್ರಿಕೆಗಳಲ್ಲಿ ಕಾಣುವುದು ಡಬ್ಬಾವಾಲಾ. ಅವನು ಕಾಣಲಿ, ತಪ್ಪಿಲ್ಲ. 1890ರಿಂದ ನಡೆದು ಬಂದ ಕಸುಬು, ಬಿಳಿ ಟೋಪಿ, ತಲೆಯ ಮೇಲೆ ಹಲಗೆ, ನೋಡಲು ಚೆನ್ನಾಗಿದೆ. ಆದರೆ ಹೊಗೆ ತುಂಬಿದ ಅಡುಗೆಮನೆಯೊಳಗೆ ಬೆಳಕಿಲ್ಲ. ಬೆಳಕಿಲ್ಲದಲ್ಲಿ ಕ್ಯಾಮರಾದವನು ಹೋಗುವುದಿಲ್ಲ.

ಹಾಗೆಂದು ಫೋಟೋದವರನ್ನೆಲ್ಲ ಒಂದೇ ಮಾತಿನಲ್ಲಿ ತಳ್ಳಿಹಾಕುವುದು ನ್ಯಾಯವಲ್ಲ. ಹೋಮಾಯಿ ವ್ಯಾರಾವಾಲಾ ಅವರ ಹೆಸರು ಕೇಳಿರಬಹುದು. ಹುಟ್ಟಿದ್ದು 1913ರಲ್ಲಿ, ಗುಜರಾತಿನ ನವಸಾರಿಯಲ್ಲಿ. ನಮ್ಮ ದೇಶದ ಮೊದಲ ಮಹಿಳಾ ಪತ್ರಿಕಾ ಛಾಯಾಗ್ರಾಹಕಿ. ದಿಲ್ಲಿಗೆ ಹೋಗಿ ನೆಹರೂ ಅವರ ಚಿತ್ರ ತೆಗೆದು ಹೆಸರಾದದ್ದು ಆಮೇಲಿನ ಮಾತು. 1938ರ ಸುಮಾರಿಗೆ ಮುಂಬಯಿಯಲ್ಲಿ ಅವರು ಸಾಮಾನ್ಯರ ಬದುಕಿನ ಚಿತ್ರ ತೆಗೆಯುತ್ತಿದ್ದರು. ಬಾಂಬೆ ಕ್ರಾನಿಕಲ್ ಪತ್ರಿಕೆ ಒಂದು ಚಿತ್ರಕ್ಕೆ ಒಂದು ರೂಪಾಯಿ ಕೊಡುತ್ತಿತ್ತು. ಅವೂ ಮೊದಮೊದಲು ಅಚ್ಚಾದದ್ದು ಗಂಡನ ಹೆಸರಿನಲ್ಲಿ! ಕ್ಯಾಮರಾ ಹಿಡಿದ ಹೆಂಗಸನ್ನು ಯಾರೂ ಲೆಕ್ಕಕ್ಕೆ ಇಟ್ಟುಕೊಳ್ಳದ ಕಾರಣ ಅವರು ಎಲ್ಲೆಂದರಲ್ಲಿ ಹೋಗಿ ನಿಲ್ಲಬಹುದಾಗಿತ್ತು. ದುಡಿದವರಿಗೆ ಕೂಲಿ ಒಂದು ಕಡೆ, ಹೆಸರು ಇನ್ನೊಂದು ಕಡೆ. ಈ ಲೆಕ್ಕ ನಮಗೆ ಹೊಸದಲ್ಲ.

ರಘುಬೀರ್ ಸಿಂಗ್ ಎಂಬವರು ಬಣ್ಣದ ಚಿತ್ರಗಳಲ್ಲಿ ಮುಂಬಯಿಯನ್ನು ತೋರಿಸಿ 1994ರಲ್ಲಿ ಒಂದು ಪುಸ್ತಕ ತಂದರು. ಅಂಗಡಿಯ ಗಾಜು, ಆ ಗಾಜಿನಲ್ಲಿ ಬೀದಿಯ ನೆರಳು, ಒಳಗೆ ಸಾಮಾನು, ಹೊರಗೆ ಕೊಳ್ಳಲಾರದವನು. ಇಷ್ಟೂ ಒಂದೇ ಚೌಕಟ್ಟಿನಲ್ಲಿ. ಭಾಷಣವಿಲ್ಲದೆ ಇದಕ್ಕಿಂತ ಚೆನ್ನಾಗಿ ಹೇಳುವುದು ಕಷ್ಟ.

ಆದರೆ ನನಗೆ ಎಲ್ಲಕ್ಕಿಂತ ದೊಡ್ಡದಾಗಿ ಕಾಣುವ ಕೆಲಸ ಸುಧಾರಕ ಓಲ್ವೆ ಅವರದು. ಮುಂಬಯಿ ಮಹಾನಗರಪಾಲಿಕೆಯ ಸಫಾಯಿ ಕಾರ್ಮಿಕರ ಬೆನ್ನು ಹಿಡಿದು ಅವರು ವರ್ಷಗಟ್ಟಲೆ ಹೋದರು. ಕಪ್ಪು ಬಿಳುಪಿನ ಚಿತ್ರಗಳು. ಕಸದ ಲಾರಿಯ ಮೇಲೆ, ಚರಂಡಿಯ ಒಳಗೆ, ಕೊನೆಗೆ ಅವರ ಮನೆಯೊಳಗೆ, ಹೆಂಡತಿ ಮಕ್ಕಳ ನಡುವೆ. ಒಂದು ದಿನ ಹೋಗಿ ಮೂಗು ಮುಚ್ಚಿಕೊಂಡು ನಾಲ್ಕು ಫೋಟೋ ಹೊಡೆದು ಬಂದವರಲ್ಲ. ಅದಕ್ಕೇ ಆ ಚಿತ್ರಗಳಲ್ಲಿ ಆ ಮನುಷ್ಯ ನಮ್ಮನ್ನು ನೇರವಾಗಿ ನೋಡುತ್ತಾನೆ. 2016ರಲ್ಲಿ ಓಲ್ವೆ ಅವರಿಗೆ ಪದ್ಮಶ್ರೀ ಬಂತು. ಕಸ ಹೊರುವವನು ಮಾತ್ರ ಇನ್ನೂ ಕಂತ್ರಾಟಿನ ಕೂಲಿಯಲ್ಲಿ ಹೋರಾಡುತ್ತಿದ್ದಾನೆ. ಚಿತ್ರವೊಂದೇ ಕೂಲಿ ಹೆಚ್ಚಿಸುವುದಿಲ್ಲ, ಅದೂ ನಿಜ.

ಇದಕ್ಕೆ ವಿರುದ್ಧವಾದುದನ್ನು ನೋಡಬೇಕಾದರೆ ಮಹಾಲಕ್ಷ್ಮೀ ಸ್ಟೇಶನ್ನಿನ ಪಕ್ಕದ ಸೇತುವೆಗೆ ಹೋಗಬೇಕು. ಕೆಳಗೆ ಧೋಬಿಘಾಟು. ಸಾಲುಸಾಲು ಕಲ್ಲಿನ ತೊಟ್ಟಿಗಳು, ಮೊಳಕಾಲವರೆಗೆ ನೀರಿನಲ್ಲಿ ನಿಂತು ಬಟ್ಟೆ ಒಗೆಯುವವರು. ಮೇಲೆ ಸೇತುವೆಯ ಕಟ್ಟೆಗೆ ಆತು ಪ್ರವಾಸಿಗಳು. ಮುಂಬಯಿಯಲ್ಲಿ ಕೆಲವು ತಿಂಗಳು ನಮ್ಮ ಕಡೆಯ ಹೋಟೆಲು ಹುಡುಗರ ಕೋಣೆಯಲ್ಲಿದ್ದಾಗ ನಾನೂ ಅಲ್ಲಿ ನಿಂತು ನೋಡಿದ್ದೇನೆ. ಮೇಲಿನಿಂದ ಕಾಣುವುದು ಬಣ್ಣಬಣ್ಣದ ಬಟ್ಟೆ, ಬಗ್ಗಿದ ಬೆನ್ನು. ಮುಖ ಕಾಣುವುದೇ ಇಲ್ಲ. ಕೆಳಗಿಳಿದು ಕೇಳಿದರೆ ತಾನೇ ಅವನು ಯಾವ ಊರವನು, ಒಂದು ಬಟ್ಟೆಗೆ ಎಷ್ಟು ಸಿಗುತ್ತದೆ, ಕೈಯ ಚರ್ಮ ಯಾಕೆ ಹೀಗೆ ಸುಲಿದಿದೆ ಎಂದು ತಿಳಿಯುವುದು! ಧಾರಾವಿಯಲ್ಲಿ ಪ್ರವಾಸಿಗಳನ್ನು ಸುತ್ತಾಡಿಸುವ ಒಂದು ಸಂಸ್ಥೆ ಓಣಿಯೊಳಗೆ ಕ್ಯಾಮರಾ ತೆಗೆಯಕೂಡದೆಂದು ನಿಯಮ ಮಾಡಿದೆ. ಹಣ ಕೊಟ್ಟು ಬಡತನ ನೋಡುವ ವ್ಯಾಪಾರ ನನಗೆ ಒಪ್ಪಿಗೆಯಲ್ಲ. ಆದರೆ ಆ ನಿಯಮ ಒಳ್ಳೆಯದು.

ಹೋಟೆಲು ಹುಡುಗರ ಮಾತು ಬಂತು. ದಕ್ಷಿಣ ಕನ್ನಡದಿಂದ ಹೋದ ಈ ಮಕ್ಕಳು ಹಗಲು ಲೋಟ ತೊಳೆದು ರಾತ್ರಿ ಶಾಲೆಯಲ್ಲಿ ಓದಿದರು. ಮೊಗವೀರ ಸಮಾಜದವರು ಇಪ್ಪತ್ತನೆಯ ಶತಮಾನದ ಮೊದಲ ದಶಕದಲ್ಲೇ ಅಲ್ಲಿ ರಾತ್ರಿ ಶಾಲೆ ತೆರೆದಿದ್ದರು. 1949ರಲ್ಲಿ ಮಂಗಳೂರಿನ ಜಾರ್ಜ್ ಫರ್ನಾಂಡಿಸ್ ಕೆಲಸ ಹುಡುಕಿಕೊಂಡು ಹೋದಾಗ ಚೌಪಾಟಿಯ ಬೆಂಚಿನ ಮೇಲೆ ಮಲಗುತ್ತಿದ್ದರು, ಪೋಲೀಸಿನವನು ಬಂದು ಎಬ್ಬಿಸುತ್ತಿದ್ದ. ಇದನ್ನು ಅವರೇ ಹೇಳಿಕೊಂಡಿದ್ದಾರೆ. ಚೌಪಾಟಿಯ ಸೂರ್ಯಾಸ್ತದ ಫೋಟೋ ಲಕ್ಷಗಟ್ಟಲೆ ಇದ್ದಾವು. ಬೆಂಚಿನ ಹುಡುಗನ ಫೋಟೋ ಎಲ್ಲಿದೆ?

ಈಗ ಮುಖ್ಯ ವಿಷಯ. ಫೋಟೋದಿಂದ ನಮಗೇನು ಎಂದು ಕೆಲವರು ಹಿಂದೆ ಕುಳಿತು ಕೇಳುತ್ತಿದ್ದೀರಿ, ನನಗೆ ಕೇಳಿಸಿತು.

1982ರ ಜನವರಿ 18ರಂದು ಮುಂಬಯಿಯ ಸುಮಾರು ಎರಡೂವರೆ ಲಕ್ಷ ಗಿರಣಿ ಕಾರ್ಮಿಕರು ದತ್ತಾ ಸಾಮಂತರ ಮುಂದಾಳುತನದಲ್ಲಿ ಮುಷ್ಕರ ಹೂಡಿದರು. ಮುಂದಿನ ಕತೆ ನಿಮಗೆ ಗೊತ್ತು. ಗಿರಣಿಗಳು ಒಂದೊಂದಾಗಿ ಮುಚ್ಚಿದವು, ಉಳಿದದ್ದು ನೆಲ, ಸುಮಾರು 600 ಎಕರೆ. 1991ರ ನಿಯಮದ ಪ್ರಕಾರ ಮಾಲೀಕ ಆ ನೆಲವನ್ನು ಮಾರಿ ಕಟ್ಟುವುದಾದರೆ ಮೂರರಲ್ಲೊಂದು ಪಾಲು ಊರಿನ ಬಯಲಿಗೆ, ಮೂರರಲ್ಲೊಂದು ಪಾಲು ಜನರ ವಸತಿಗೆ ಬಿಡಬೇಕಿತ್ತು. 2001ರಲ್ಲಿ ಆ ನಿಯಮ ತಿದ್ದಿದರು: ಕಟ್ಟಡವಿಲ್ಲದೆ ಖಾಲಿ ಬಿದ್ದಿರುವ ಜಾಗವನ್ನು ಮಾತ್ರ ಪಾಲು ಮಾಡಿದರೆ ಸಾಕು ಎಂದಾಯಿತು. 2006ರಲ್ಲಿ ಸುಪ್ರೀಂ ಕೋರ್ಟು ಅದನ್ನೇ ಎತ್ತಿಹಿಡಿಯಿತು. ಫೀನಿಕ್ಸ್ ಗಿರಣಿ ಇದ್ದಲ್ಲಿ ಇಂದು ಮಾಲು ಇದೆ. ಆಮೇಲೆ ಮನೆ ಕೇಳಿ ಅರ್ಜಿ ಹಾಕಿದ ಕಾರ್ಮಿಕರು, ತೀರಿಕೊಂಡವರ ಹೆಂಡಿರು ಮಕ್ಕಳು, ಒಂದೂವರೆ ಲಕ್ಷದ ಆಸುಪಾಸು. ಮನೆ ಸಿಕ್ಕದ್ದು ಅದರಲ್ಲಿ ಸಣ್ಣ ಪಾಲಿಗೆ. ಅರ್ಜಿಯ ಸಂಗಡ ಏನು ತಾ ಎಂದರು? ನೀನು ಗಿರಣಿಯಲ್ಲಿ ದುಡಿದದ್ದಕ್ಕೆ ದಾಖಲೆ ತಾ. ಟಿಕೆಟ್ ನಂಬರು, ಇಎಸ್‌ಐ ಕಾಗದ, ಭವಿಷ್ಯನಿಧಿಯ ಚೀಟಿ, ಗಿರಣಿಯ ಗುರುತಿನ ಪಾಸು.

ಆ ಪಾಸಿನ ಮೇಲೆ ಹೆಬ್ಬೆಟ್ಟಿನಷ್ಟು ಫೋಟೋ ಇರುತ್ತದೆ. ಎಷ್ಟೋ ಮನೆಗಳಲ್ಲಿ ಅಪ್ಪನದು ಎಂದು ಉಳಿದಿರುವ ಫೋಟೋ ಅದೊಂದೇ. ಮಾಲೀಕ ತನ್ನ ಗೇಟು ಕಾಯಲಿಕ್ಕೆ ತೆಗೆಸಿದ ಫೋಟೋ ಇಪ್ಪತ್ತು ಮೂವತ್ತು ವರ್ಷದ ಮೇಲೆ ಕಾರ್ಮಿಕನ ಮನೆಯ ಹಕ್ಕಿಗೆ ಸಾಕ್ಷಿಯಾಗಿ ನಿಲ್ಲುತ್ತದೆ. ಗಿರಣಿ ಮುಚ್ಚಿದ ಸಿಟ್ಟಿನಲ್ಲಿ ಅದನ್ನು ಹರಿದು ಹಾಕಿದವರ ಗತಿ ಯೋಚಿಸಿ.

ಇನ್ನೊಂದು ಸಂಗತಿ. ಗಿರಣಿಗಳ ಜಾಗದಲ್ಲಿ ಕಛೇರಿಗಳು ಎದ್ದವು. ಅಲ್ಲಿಗೆ ಬರುವ ಸಾವಿರಾರು ಜನ ಗಿರಣಿ ಕಾಲದ ಸಣ್ಣ ಸ್ಟೇಶನ್ನುಗಳಲ್ಲೇ ಇಳಿಯಬೇಕು. ಮುಂಬಯಿಯ ಲೋಕಲ್ ಗಾಡಿಯಲ್ಲಿ ಒಂದು ಚದರ ಮೀಟರಿನಲ್ಲಿ 14ರಿಂದ 16 ಮಂದಿ ನಿಲ್ಲುತ್ತಾರೆಂದು ರೈಲ್ವೆಯವರದೇ ಲೆಕ್ಕವಿದೆ. ಎಲ್ಫಿನ್‌ಸ್ಟನ್ ರೋಡ್ ಸ್ಟೇಶನ್ನಿನ ಇಕ್ಕಟ್ಟಾದ ಕಾಲುಸೇತುವೆಯ ಬಗ್ಗೆ ಪ್ರಯಾಣಿಕರು ಮೊದಲೇ ದೂರಿದ್ದರು. ಕೆಲವರು ಫೋಟೋ ಸಮೇತ ಎಚ್ಚರಿಸಿದ್ದರು. 2017ರ ಸೆಪ್ಟೆಂಬರ್ 29ರ ಬೆಳಿಗ್ಗೆ, ಮಳೆಯಲ್ಲಿ, ಆ ಸೇತುವೆಯ ನೂಕುನುಗ್ಗಲಿನಲ್ಲಿ 23 ಜನ ಸತ್ತರು. ಹೊಸ ಸೇತುವೆ ಎದ್ದದ್ದು ಆಮೇಲೆ. ಚಿತ್ರ ಇತ್ತು, ಮಿತ್ರರೇ. ನೋಡಬೇಕಾದವರು ನೋಡಲಿಲ್ಲ. ಒಬ್ಬೊಬ್ಬನೇ ತೆಗೆದು ಕಳಿಸಿದ ಫೋಟೋಕ್ಕೂ, ಸಂಘ ಕಟ್ಟಿಕೊಂಡವರು ಸಹಿ ಹಾಕಿ ತಾರೀಖು ಬರೆದು ಮೇಜಿನ ಮೇಲೆ ಇಟ್ಟ ಫೋಟೋಕ್ಕೂ ವ್ಯತ್ಯಾಸವಿದೆ ಎನ್ನುವುದು ಇಲ್ಲಿಯ ಮಾತು.

ಅಂಗಡಿಕಾರರೇ, ನಿಮ್ಮ ವಿಷಯ. ದಾದರದ ಹೂವಿನ ಪೇಟೆಗೆ ಬೆಳಗಿನ ಜಾವ ನಾಲ್ಕಕ್ಕೆ ಹೋದರೆ ಚೆಂಡುಹೂವಿನ ರಾಶಿಯ ಫೋಟೋ ತೆಗೆಯುವವರು ಸಿಗುತ್ತಾರೆ. ಹತ್ತು ಗಂಟೆಗೆ ಪಾಲಿಕೆಯ ಲಾರಿ ಬಂದು ತಕ್ಕಡಿ ಬುಟ್ಟಿ ಎತ್ತಿಕೊಂಡು ಹೋಗುವಾಗ ಅವರಾರೂ ಇರುವುದಿಲ್ಲ. ಬೀದಿ ವ್ಯಾಪಾರಿಗಳ ರಕ್ಷಣೆಗೆ 2014ರಲ್ಲಿ ಕಾಯಿದೆಯಾಗಿದೆ. ಸಮೀಕ್ಷೆ ಮುಗಿದು ಪ್ರಮಾಣಪತ್ರ ಕೊಡುವ ತನಕ ಯಾರನ್ನೂ ಎಬ್ಬಿಸಕೂಡದೆಂದು ಅದರಲ್ಲಿದೆ. ಅದು ಮುಂಬಯಿಗೂ ಒಂದೇ, ನಮ್ಮ ಸಂತೆಪೇಟೆಗೂ ಒಂದೇ. ನಾನು ಇಲ್ಲೇ ಹತ್ತು ವರ್ಷದಿಂದ ಕೂರುತ್ತಿದ್ದೇನೆ ಎಂದು ನೀವು ಹೇಳಿದರೆ ಅಧಿಕಾರಿ ಪುರಾವೆ ಎಲ್ಲಿ ಎನ್ನುತ್ತಾನೆ. ಆದ್ದರಿಂದ ವರ್ಷಕ್ಕೆರಡು ಸಲವಾದರೂ ನಿಮ್ಮ ಜಾಗದಲ್ಲಿ, ಹಿಂದಿನ ಕಟ್ಟಡವೋ ಮರವೋ ಕಾಣುವ ಹಾಗೆ, ಒಂದು ಫೋಟೋ ತೆಗೆಸಿ ಇಟ್ಟುಕೊಳ್ಳಿ. ಸುಂಕದ ಚೀಟಿಯನ್ನು ಕೈಯಲ್ಲಿ ಹಿಡಿದು ತೆಗೆಸಿದರೆ ಇನ್ನೂ ಒಳ್ಳೆಯದು.

ನಮ್ಮ ಯುವಕರಿಗೆ ಎರಡು ಮಾತು. ನೀವು ಈ ಊರನ್ನೂ ಹೀಗೆ ಚಿತ್ರಗಳಲ್ಲಿ ಕೂಡಿಸಬೇಕೆಂದಿದ್ದೀರಿ. ಮಾಡಿ. ಆದರೆ ಕೇಳದೆ ಯಾರ ಮುಖವನ್ನೂ ಹಿಡಿಯಬೇಡಿ. ಬಾವಿಕಟ್ಟೆಯಲ್ಲಿ, ನಲ್ಲಿಯ ಸಾಲಿನಲ್ಲಿ ನಿಂತ ತಾಯಂದಿರನ್ನು ಮೊದಲು ಮಾತಾಡಿಸಿ. ಚಿತ್ರದ ಹಿಂದೆ ಹೆಸರು, ಕಸುಬು, ತಾರೀಖು ಬರೆಯಿರಿ, ಜಾತಿ ಬೇಡ. ಒಂದು ಪ್ರತಿ ಆ ಮನೆಗೆ ತಲುಪಲಿ. ಹಬ್ಬದ ದಿನ ಹೊಸಬಟ್ಟೆಯಲ್ಲಿ ನಗುವವನನ್ನು ತೆಗೆದರೆ ಪಾಳಿ ಮುಗಿಸಿ ಹೊರಬರುವಾಗಲೂ ಅವನನ್ನೇ ತೆಗೆಯಿರಿ. ಒಲೆಯ ಮುಂದಿನವರನ್ನು ಮರೆಯಬೇಡಿ. ಬೆಳಕು ಸಾಲದಿದ್ದರೆ ಬಾಗಿಲು ತೆರೆಯಲು ಕೇಳಿ.

ಬರುವ ಭಾನುವಾರ ಬೆಳಿಗ್ಗೆ ಒಂಬತ್ತಕ್ಕೆ ಇದೇ ವಾಚನಾಲಯದಲ್ಲಿ ಹುಡುಗರು ಕೂರುತ್ತಾರೆ. ಮನೆಯಲ್ಲಿ ಹಳೆಯ ಗಿರಣಿ ಪಾಸು, ಗುರುತಿನ ಚೀಟಿ, ಸಂಘದ ಮೆರವಣಿಗೆಯ ಫೋಟೋ ಏನಿದ್ದರೂ ತನ್ನಿ. ನಿಮ್ಮ ಎದುರಿಗೇ ನಕಲು ತೆಗೆದು ಮೂಲವನ್ನು ನಿಮ್ಮ ಕೈಗೇ ಹಿಂದಿರುಗಿಸುತ್ತಾರೆ. ಇದಕ್ಕೆ ಹಣವಿಲ್ಲ.