ಆನೆಗೆ ಬಿಟ್ಟುಕೊಟ್ಟ ಹೊಲ



ಕಾಡು ಕಡಿದು ಹೊಲ ಮಾಡಿದ ಕಥೆ ನಮಗೆಲ್ಲ ಗೊತ್ತು. ಹೊಲವನ್ನೇ ಮತ್ತೆ ಕಾಡಿಗೆ ಬಿಟ್ಟ ಉದಾಹರಣೆಯೂ ನಮ್ಮ ಕೊಳ್ಳೇಗಾಲ–ಹನೂರು ಸೀಮೆಯಲ್ಲೇ ಇದೆ. ಯಳಂದೂರು ಕಡೆಯ ಬಿಳಿಗಿರಿರಂಗನ ಬೆಟ್ಟದಿಂದ ಮಲೆ ಮಹದೇಶ್ವರ ಬೆಟ್ಟದ ಕಡೆಯ ಕಾಡಿಗೆ ಆನೆಗಳು ಹೋಗಿಬರುವ ಎಡೆಯಾರಹಳ್ಳಿ–ದೊಡ್ಡಸಂಪಿಗೆ ಹಾದಿಗೆ ಸಾಗುವಳಿ ಜಮೀನು ಅಡ್ಡ ಬಂದಿತ್ತು. ವೈಲ್ಡ್‌ಲೈಫ್ ಟ್ರಸ್ಟ್ ಆಫ್ ಇಂಡಿಯಾ ಎಂಬ ಸಂಸ್ಥೆ ಅದರಲ್ಲಿ ಸುಮಾರು 25 ಎಕರೆಯನ್ನು ಹಣ ಕೊಟ್ಟು ಕೊಂಡು ಅರಣ್ಯ ಇಲಾಖೆಗೆ ಒಪ್ಪಿಸಿತು. ಕಿತ್ತುಕೊಳ್ಳಲಿಲ್ಲ, ಕೊಂಡಿತು, ಈ ವ್ಯತ್ಯಾಸ ದೊಡ್ಡದು.

ಆದರೆ ಉಳುಮೆ ನಿಲ್ಲಿಸಿದ ಮಾತ್ರಕ್ಕೆ ನೆಲ ಕಾಡಾಗದು. ನಮ್ಮ ಕಡೆ ಬೀಳುಬಿಟ್ಟ ಜಾಗಕ್ಕೆ ಮೊದಲು ನುಗ್ಗುವುದು ಲಂಟಾನ. ಅದರ ಪೊದೆಯಡಿ ಹುಲ್ಲು ಏಳದು. ಹುಲ್ಲಿಲ್ಲದಿದ್ದರೆ ಆನೆ, ಕಡವೆಗಳಿಗೆ ಮೇವೆಲ್ಲಿ? ಬಿಳಿಗಿರಿಯ ಸೋಲಿಗರು ಹಿಂದೆ ತರಗೆಲೆಗೆ ಸಣ್ಣ ಬೆಂಕಿ ಹಾಕುತ್ತಿದ್ದರು. ಅದು ನಿಂತ ಮೇಲೆ ಲಂಟಾನ ಹಬ್ಬಿತೆಂಬುದು ಅವರ ಅನುಭವ. 2011ರಲ್ಲಿ ಅವರಿಗೆ ಸಮುದಾಯ ಅರಣ್ಯ ಹಕ್ಕು ದೊರೆಯಿತು. ಮಹದೇಶ್ವರ ಬೆಟ್ಟದ ಸೋಲಿಗರಂತೂ ಅದೇ ಲಂಟಾನ ಕಡಿದು ಕುರ್ಚಿ, ಮೇಜು ಮಾಡಲು ಕಲಿತರು. ಇಂಥವರನ್ನು ಹೊರಗಿಟ್ಟು ಕಾಡು ಬೆಳೆಸಲಾಗದು ಎಂಬುದು ನನ್ನ ಅಭಿಪ್ರಾಯ.

ಇನ್ನು ಕಾಡಂಚಿನ ರೈತ. ಹಾದಿ ತೆರೆದರೂ ಆನೆ ಪಕ್ಕದ ಮುಸುಕಿನ ಜೋಳವನ್ನು ಬಿಡುವುದಿಲ್ಲ. ರಾತ್ರಿಯೆಲ್ಲ ಕಾವಲು ಕೂತವನಿಗೆ ವನ್ಯಜೀವಿ ಪ್ರೇಮ ಬೋಧಿಸುವುದು ಸುಲಭವಲ್ಲ, ಸರಿಯೂ ಅಲ್ಲ. ಬೆಳೆ ಹಾಳಾದರೆ ಅರಣ್ಯ ಇಲಾಖೆಯಿಂದ ಪರಿಹಾರವುಂಟು; ಆದರೆ ಪಹಣಿ, ಫೋಟೋ, ಬ್ಯಾಂಕ್ ಪಾಸ್‌ಬುಕ್ ಎಂದು ಓಡಾಡುವುದಕ್ಕೆ ಬೇಸತ್ತು ಸುಮ್ಮನಾಗುವವರಿದ್ದಾರೆ. ವಿದ್ಯಾರ್ಥಿಗಳೇ, ರಜೆಯಲ್ಲಿ ಊರಿಗೆ ಹೋದಾಗ ಅಂಥವರ ನಾಲ್ಕು ಅರ್ಜಿಗಳನ್ನಾದರೂ ತುಂಬಿಕೊಡಿ. ಇಷ್ಟೇ ನನ್ನ ಕೋರಿಕೆ.