ಮನೆಯ ಮೀಟರಿಗೆ ಕಾರಿನ ಹೊರೆ



ನಮ್ಮ ಮನೆಗೆ ವಿದ್ಯುತ್ ಕಾರು ಬಂದ ಮೊದಲ ವಾರ. ಹೊರಗಿನ ಬಚ್ಚಲಿನ ಗೀಸರಿಗೆಂದು ಹತ್ತು ವರ್ಷಗಳ ಹಿಂದೆ ಹಾಕಿಸಿದ್ದ ಸಾಕೆಟ್ಟಿಗೆ ಚಾರ್ಜರ್ ಸಿಕ್ಕಿಸಿ ಮಲಗಿದೆವು. ನಡುರಾತ್ರಿ ಸುಟ್ಟ ವಾಸನೆ! ಎದ್ದು ನೋಡಿದರೆ ಸಾಕೆಟ್ಟು ಕಪ್ಪಾಗಿತ್ತು. ಗೀಸರನ್ನು ಹತ್ತು ವರ್ಷ ತಾಳಿದ ಸಾಕೆಟ್ಟು ಕಾರಿಗೆ ಒಂದೇ ವಾರದಲ್ಲಿ ಏಕೆ ಸೋತಿತು? ವಿಜ್ಞಾನ ಓದಿದ ನಾನು ಅಂದು ಲೆಕ್ಕವನ್ನೇ ಹಾಕಿರಲಿಲ್ಲ. ಅದನ್ನು ಈಗ ಒಟ್ಟಿಗೆ ಹಾಕೋಣ.

ವಾಟ್ ಸಂಖ್ಯೆಯನ್ನು 230 ವೋಲ್ಟಿನಿಂದ ಭಾಗಿಸಿದರೆ ಆಂಪಿಯರ್ ದೊರೆಯುತ್ತದೆ. ನಮ್ಮ ಗೀಸರ್ 2000 ವಾಟ್, ಅಂದರೆ 8.7 ಆಂಪಿಯರ್. ಚಾರ್ಜರ್ 3300 ವಾಟ್, ಅಂದರೆ 14.3 ಆಂಪಿಯರ್. ವ್ಯತ್ಯಾಸ ಅಷ್ಟೇನೂ ಇಲ್ಲ ಎನಿಸುತ್ತದೆ, ಅಲ್ಲವೇ? ಆದರೆ ಹುಟ್ಟುವ ಶಾಖ ಪ್ರವಾಹದ ವರ್ಗಕ್ಕೆ ಅನುಪಾತದಲ್ಲಿರುತ್ತದೆ. ಹಾಗಾಗಿ ಅದೇ ಸಾಕೆಟ್ಟಿನಲ್ಲಿ ಪ್ರತಿ ಕ್ಷಣ ಸುಮಾರು 2.7 ಪಟ್ಟು ಶಾಖ! ಗೀಸರ್ ಕಾಲು ಗಂಟೆ ಉರಿದು ಆರುತ್ತದೆ; ಕಾರು ರಾತ್ರಿಯೆಲ್ಲ ಎಳೆಯುತ್ತದೆ. ಸಡಿಲವಾದ ಪಿನ್ನಿನಲ್ಲಿ ರೋಧವೂ ಹೆಚ್ಚು.

ಮೂರು ಗಂಟೆ ಅಥವಾ ಅದಕ್ಕಿಂತ ಹೆಚ್ಚು ಕಾಲ ಹರಿಯುವುದನ್ನು ಅಮೆರಿಕದ ವಿದ್ಯುತ್ ಸಂಹಿತೆ ನಿರಂತರ ಹೊರೆ ಎಂದು ಕರೆದು, ಅದನ್ನು ಒಂದೂಕಾಲು ಪಟ್ಟಾಗಿ ಎಣಿಸುತ್ತದೆ. ಆ ಲೆಕ್ಕದಲ್ಲಿ ನಮ್ಮ 14.3 ಆಂಪಿಯರ್, ಸುಮಾರು 18 ಆಗುತ್ತದೆ. ಅಷ್ಟನ್ನು ತಾಳುವ ಪ್ರತ್ಯೇಕ ವೈರು, ಸಾಕೆಟ್ಟು, ಅವಕ್ಕೆ ತಕ್ಕ ಎಂ.ಸಿ.ಬಿ., ಆರ್.ಸಿ.ಸಿ.ಬಿ. ಮತ್ತು ಒಳ್ಳೆಯ ಅರ್ಥಿಂಗ್ ಬೇಕು.

ಇನ್ನು ಇಡೀ ಮನೆಯ ಲೆಕ್ಕ. ಬೆಳಿಗ್ಗೆ ಆರು ಗಂಟೆಗೆ ಫ್ಯಾನು, ದೀಪ, ಟಿ.ವಿ., ಫ್ರಿಜ್ ಸೇರಿ 700 ವಾಟ್, ಒಂದು ಅಶ್ವಶಕ್ತಿಯ ಪಂಪು 746, ಗೀಸರ್ 2000, ಕಾರು 3300. ಒಟ್ಟು 6746 ವಾಟ್! ನಮ್ಮ ಬಿಲ್ಲಿನಲ್ಲಿದ್ದ ಮಂಜೂರಾದ ಲೋಡ್ ಕೇವಲ 3 ಕಿಲೋವಾಟ್. ಕಾರನ್ನು ನಡುರಾತ್ರಿಗೆ ಸರಿಸಿದರೆ? ಫ್ಯಾನು, ಫ್ರಿಜ್, ಕಾರು ಸೇರಿ 3800 ವಾಟ್. ಆಗಲೂ ಮಿತಿ ಮೀರಿತು. ಆದ್ದರಿಂದ 5 ಕಿಲೋವಾಟಿಗೆ ಅರ್ಜಿ ಕೊಟ್ಟೆವು. ಗೀಸರ್ ಮತ್ತು ಕಾರು ಒಟ್ಟಿಗೆ ಬೇಡವೆಂದು ನಿಯಮ ಮಾಡಿಕೊಂಡೆವು.

ಲೋಡ್ ಮುಚ್ಚಿಟ್ಟರೆ ನಷ್ಟ ನಮಗಷ್ಟೇ ಅಲ್ಲ. ಬೀದಿಯ ಹತ್ತು ಮನೆಗಳಲ್ಲಿ ಇಂಥ ಚಾರ್ಜರುಗಳಿದ್ದರೆ ಟ್ರಾನ್ಸ್‌ಫಾರ್ಮರಿನ ಮೇಲೆ ಒಮ್ಮೆಗೇ 33 ಕಿಲೋವಾಟ್ ಹೊರೆ ಏರುತ್ತದೆ.

ಇಂದೇ ಮನೆಯ ಬಿಲ್ಲು ತೆಗೆದು ಮಂಜೂರಾದ ಲೋಡ್ ನೋಡಿ. ಬೆಳಿಗ್ಗೆ ಆರು ಮತ್ತು ರಾತ್ರಿ ಒಂಬತ್ತಕ್ಕೆ ಏನೇನು ಒಟ್ಟಿಗೆ ನಡೆಯುತ್ತದೆಂದು ಬರೆದು ಕೂಡಿಸಿ. ವೈರಿಂಗ್ ಕೆಲಸ ಪರವಾನಗಿ ಇರುವ ಎಲೆಕ್ಟ್ರೀಷಿಯನ್ ಮಾಡಲಿ. ಲೆಕ್ಕ ಮಾತ್ರ ನಿಮ್ಮದಾಗಿರಲಿ.