ಇಪ್ಪತ್ತು ಸಾವಿರ ಖಾಲಿ ಜಾಗಗಳು

ಬೆಟ್ಟದ ಮೆಟ್ಟಿಲು ಹತ್ತಿದಿರಿ. ತುದಿಯ ಬಾಗಿಲು ಮುಚ್ಚಿದೆ. ಕೆಳಗಿಳಿದು ಎರಡನೆಯ ಮೆಟ್ಟಿಲಿನಿಂದ ಪುನಃ ಹತ್ತುವಿರಾ? ಗಣಕಯಂತ್ರ ಹತ್ತುತ್ತದೆ. ಆಮೇಲೆ ಮೂರನೆಯದರಿಂದ, ನಾಲ್ಕನೆಯದರಿಂದ!

2016ರ ಜುಲೈ 20ರಂದು, ಪ್ರೋಗ್ರಾಂ ಬರೆಯುವವರು ಸಂದೇಹ ಕೇಳಿಕೊಳ್ಳುವ ‘ಸ್ಟ್ಯಾಕ್ ಓವರ್‌ಫ್ಲೋ’ ಎಂಬ ಅಂತರ್ಜಾಲ ತಾಣ 34 ನಿಮಿಷ ನಿಂತುಹೋಯಿತು. ಕಾರಣ, ಬರಹವೊಂದರಲ್ಲಿ ಸಾಲಾಗಿ ಬಿದ್ದಿದ್ದ ಸುಮಾರು 20,000 ಖಾಲಿ ಜಾಗಗಳು. ಕೊನೆಯ ಖಾಲಿ ಜಾಗಗಳನ್ನು ಕತ್ತರಿಸಲು ಅಲ್ಲಿ ‘ರೆಗ್ಯುಲರ್ ಎಕ್ಸ್‌ಪ್ರೆಷನ್’ ಎಂಬ ಹುಡುಕುವ ಸೂತ್ರವಿತ್ತು. ಖಾಲಿ ಸಾಲಿನ ತುದಿಯಲ್ಲಿ ಅಕ್ಷರ ಎದುರಾದಾಗಲೆಲ್ಲ ಅದು ಹಿಂದಿರುಗಿ, ಮುಂದಿನ ಜಾಗದಿಂದ ಎಣಿಕೆ ತೊಡಗಿತು. ಒಟ್ಟು ಸುಮಾರು 20 ಕೋಟಿ ತಪಾಸಣೆ! ಆ ಬರಹ ಮುಖಪುಟದಲ್ಲೇ ಇದ್ದುದರಿಂದ ಸರ್ವರುಗಳೆಲ್ಲ ಅದರಲ್ಲೇ ಮುಳುಗಿದವು.

ಇಂಥ ಬರಹವನ್ನು ಕೇಡಿಗರು ಬೇಕೆಂದೇ ಕಳಿಸಬಹುದಲ್ಲವೆ? ಬೀಗ ಮುರಿಯಬೇಕಾಗಿಲ್ಲ, ಖಾಲಿ ಜಾಗ ಸಾಕು. ಬರಹದ ಉದ್ದಕ್ಕೆ ಮಿತಿಯಿಟ್ಟರೆ ಅಪಾಯ ತಗ್ಗುತ್ತದೆ. ಆ ತಾಣದವರಂತೂ ಸೂತ್ರವನ್ನೇ ತೆಗೆದು, ಸಾದಾ ಕತ್ತರಿಸುವ ಆದೇಶವನ್ನು ಇಟ್ಟರು.